ನಿದ್ದೆ ಹತ್ತದವರಿಗೆ ಬೆಳಗಿನ ಬೆಳಕು

ರಾತ್ರಿ ಹನ್ನೆರಡಾದರೂ ನಿದ್ದೆ ಹತ್ತುವುದಿಲ್ಲ ಅನ್ನುವವರು ಇದನ್ನು ಮಾಡಿ ನೋಡಿ. ಎದ್ದ ಒಂದು ತಾಸಿನೊಳಗೆ 20–30 ನಿಮಿಷ ಹೊರಗಿರಿ. ಹುಬ್ಬಳ್ಳಿಯ ಉಣಕಲ್ ಕೆರೆಗೆ ಹೋದರೆ ಒಳ್ಳೆಯದು, ಮಾಳಿಗೆ ಮೇಲೆ ಚಹಾ ಕುಡಿದರೂ ನಡೆಯುತ್ತದೆ. ಧಾರವಾಡದ ಮಳೆಗಾಲದ ಮೋಡದಲ್ಲೂ ಹಗಲು ಹೊರಗೆ ಸಾವಿರಾರು ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತದೆ. ಮನೆಯೊಳಗೆ ಟ್ಯೂಬ್‌ಲೈಟ್ ಹಾಕಿದರೂ ಸಾಮಾನ್ಯವಾಗಿ 500 ದಾಟುವುದಿಲ್ಲ. ಹಾಗಂತ ಸೂರ್ಯನನ್ನೇ ದಿಟ್ಟಿಸಬೇಡಿ! ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೆದುಳಿನ ಗಡಿಯಾರ ಸರಿಹೊಂದುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ಬೇಗ ಶುರುವಾಗುತ್ತದೆ. ಮಲಗುವ ಎರಡು ತಾಸು ಮೊದಲೇ ದೊಡ್ಡ ಲೈಟ್ ಆರಿಸಿ. ಮೊಬೈಲ್ ಬಗ್ಗೆ ಎಲ್ಲರಿಗೂ ಗೊತ್ತು, ಅಲ್ವಾ.

ರಾತ್ರಿ ಪಾಳಿಯವರ ಲೆಕ್ಕವೇ ಬೇರೆ. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಕಪ್ಪು ಕನ್ನಡಕ ಹಾಕಿ, ಕೋಣೆ ಕತ್ತಲು ಮಾಡಿ ಮಲಗಿ. ಗಾಡಿ ಓಡಿಸುವವರಿಗೆ ಕನ್ನಡಕದ ಸಲಹೆ ಬೇಡ, ತೂಕಡಿಕೆ ಜಾಸ್ತಿಯಾಗಬಹುದು.