ಉದ್ಯಮಬಾಗ್‌ನಲ್ಲಿ ಸುತ್ತಿದ ಪಿಕಪ್, ಮಾರ್ಕ್ ನಾಪ್‌ಫ್ಲರ್ ದನಿ

ಹೋದ ಶ್ರಾವಣದಲ್ಲಿ ಬೆಳಗಾವಿ ಕ್ಯಾಂಪಿನಲ್ಲಿ ಗಿಟಾರ್ ಕಲಿಸುವ ಸರ್ ಉದ್ಯಮಬಾಗ್‌ನ ನಮ್ಮ ಮೋಟರ್ ರಿವೈಂಡಿಂಗ್ ಅಂಗಡಿಗೆ ಬಂದಿದ್ದರು. ಮನೆಯ ಮಿಕ್ಸರ್ ಸುಟ್ಟಿತ್ತು. ಒಳಗೆ ಮೂಲೆಯಲ್ಲಿ ನನ್ನ ಎಲೆಕ್ಟ್ರಿಕ್ ಗಿಟಾರು ಆಂಪ್‌ಗೆ, ಅಂದರೆ ಆಂಪ್ಲಿಫೈಯರ್‌ಗೆ, ಹಾಕಿಯೇ ಇತ್ತು. "ಬಾರಿಸಪಾ, ಕೇಳೂಣು" ಅಂದರು. ಮಾರ್ಕ್ ನಾಪ್‌ಫ್ಲರ್‌ನ ಸುಲ್ತಾನ್ಸ್ ಆಫ್ ಸ್ವಿಂಗ್ ಹಾಡಿನ ಶುರುವಿನ ಭಾಗ ಬಾರಿಸಿದೆ. ನಿಂತಿದ್ದವರು ಸ್ಟೂಲ್ ಎಳೆದುಕೊಂಡು ಕೂತರು. ಮುಗಿದ ಮೇಲೆ ಒಂದೇ ಮಾತು ಕೇಳಿದರು: "ಪಿಕಪ್ ಯಾವ ಕಂಪನೀದು? ಎಷ್ಟು ಕೊಟ್ಟಿ?"

ಕಂಪನಿ ನಮ್ಮದೇ. ಅವರು ಕೂತಿದ್ದ ಸ್ಟೂಲಿನ ಎದುರಿಗಿದ್ದ ಟೇಬಲ್ ಮೇಲೆಯೇ ಸುತ್ತಿದ್ದು. 2006ರಲ್ಲಿ ಇದೇ ಸರ್ ನನಗೆ ಹೇಳಿದ್ದರು, "ಮೋಟರ್ ಸುತ್ತೂ ಕೈಲೆ ಪಿಕಪ್ ಆಗೂದಿಲ್ಲಪಾ. ಸುಮ್ನ ರೊಕ್ಕ ಹಾಳು." ಅವರೊಬ್ಬರೇ ಅಲ್ಲ. ಗೋವಾದ ಬ್ಯಾಂಡಿನ ಹುಡುಗರು ಹೇಳಿದ್ದರು, ನಮ್ಮಪ್ಪ ಹೇಳಿದ್ದರು, ನನ್ನ ಹೆಂಡತಿಯ ಅಣ್ಣ ಹೇಳಿದ್ದ. ಈಗ ಅವರಲ್ಲೇ ಮೂರು ಜನ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗಿಟಾರ್ ಹಿಡಿಯದವರಿಗೆ ಒಂದು ಮಾತು: ಪಿಕಪ್ ಅಂದರೆ ಗಿಟಾರಿನ ತಂತಿಗಳ ಕೆಳಗೆ ಕೂರುವ ಮ್ಯಾಗ್ನೆಟ್ಟು, ಅದರ ಸುತ್ತ ತಾಮ್ರದ ಎಳೆಯ ಕಾಯಿಲ್. ಮೇಲಿನ ತಂತಿ ನಡುಗಿದರೆ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟಿ ಆಂಪ್‌ಗೆ ಹೋಗುತ್ತದೆ.

ಡೈರ್ ಸ್ಟ್ರೇಟ್ಸ್ ಅನ್ನುವ ಬ್ರಿಟಿಷ್ ಬ್ಯಾಂಡಿನ ಗಿಟಾರಿಸ್ಟು, ಹಾಡುಗಾರ ಮಾರ್ಕ್ ನಾಪ್‌ಫ್ಲರ್ ನನಗೆ ಸಿಕ್ಕಿದ್ದು 1989ರಲ್ಲಿ. ಸೆಕೆಂಡ್ ಪಿಯುಸಿ. ಗೆಳೆಯನೊಬ್ಬ ಗೋವಾದ ಮಾಪ್ಸಾಕ್ಕೆ ಹೋಗಿ ಬರುವಾಗ ಡೈರ್ ಸ್ಟ್ರೇಟ್ಸ್ ಕ್ಯಾಸೆಟ್ ತಂದಿದ್ದ. ಒಂದು ರಾತ್ರಿಗೆ ಅಂತ ಕೇಳಿ ತಂದವನು ನಾನು. ಅದು ಇವತ್ತಿಗೂ ನನ್ನ ಹತ್ತಿರವೇ ಇದೆ. ಗಿಟಾರ್ ಅಂದರೆ ಕಿರುಚುವುದು ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಒಬ್ಬ ಮನುಷ್ಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದಾನೆ. ಹಾಡಿನ ಒಂದು ಸಾಲು ಹೇಳುತ್ತಾನೆ, ಗಿಟಾರ್ ಅದಕ್ಕೆ ಹೂಂ ಅನ್ನುತ್ತದೆ.

ಸುಲ್ತಾನ್ಸ್ ಆಫ್ ಸ್ವಿಂಗ್ ಹಾಡು ಕಲಿಯಲು ಒಂದು ವರ್ಷ ದಂಡವಾಯಿತು. ಕಾರಣ ಹೇಳುತ್ತೇನೆ. ಹಾಡು ಇರುವುದು ಡಿ ಮೈನರ್ ಅನ್ನುವ ಶ್ರುತಿಯಲ್ಲಿ. ನನ್ನ ಟೇಪ್ ರೆಕಾರ್ಡರ್‌ನ ಬೆಲ್ಟ್ ಸಡಿಲಾಗಿತ್ತು, ಕ್ಯಾಸೆಟ್ ನಿಧಾನ ಓಡುತ್ತಿತ್ತು. ಹಾಗಾಗಿ ನನಗೆ ಕೇಳುತ್ತಿದ್ದದ್ದು ಅರ್ಧ ಸ್ವರ ಕೆಳಗೆ. ನಾನು ಪಕ್ಕದ ಮನೆ ಹಾರ್ಮೋನಿಯಂಗೆ ತಂತಿ ಕೂಡಿಸಿ, ಸಿ ಶಾರ್ಪ್ ಮೈನರ್‌ನಲ್ಲಿ ಬೆರಳು ತಿರುಚಿ ತಿರುಚಿ ಕಲಿತೆ. ಒಂದು ದಿನ ಖಡೇಬಜಾರಿನಲ್ಲಿ ಹನ್ನೆರಡೋ ಹದಿನೈದೋ ರೂಪಾಯಿಗೆ ಹೊಸ ಬೆಲ್ಟ್ ಹಾಕಿಸಿದೆ. ಹಾಡು ಮೇಲಕ್ಕೆ ಏರಿ ಕೂತಿತು. ಬೆರಳುಗಳಿಗೆ ಸಲೀಸಾಯಿತು. ಮೊದಲಿಂದ ಕಲಿತೆ.

ಆಮೇಲೆ ಒಂದು ವಿಡಿಯೋ ಕ್ಯಾಸೆಟ್‌ನಲ್ಲಿ ನಾಪ್‌ಫ್ಲರ್‌ನ ಬಲಗೈ ನೋಡಿದೆ. ತಂತಿ ಮೀಟುವ ಪ್ಲಾಸ್ಟಿಕ್ ಚೂರು, ಪಿಕ್, ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಅಷ್ಟೇ. ಅವನು ಎಡಗೈಯವನು, ಆದರೆ ಬಾರಿಸುವುದು ಬಲಗೈಯವರ ಹಾಗೆ. ನಾನೂ ಎಡಚ. ಊಟಕ್ಕೆ ಕೂತಾಗ ಅಜ್ಜಿ ಎಡಗೈ ಮೇಲೆ ಹೊಡೆಯುತ್ತಿದ್ದರು. ತಂತಿ ಒತ್ತುವ ಕೈ ಎಡದ್ದೇ ಆದ್ದರಿಂದ ಅವನ ಆ ನಡುಕ, ಆ ಎಳೆತ ಅಷ್ಟು ಗಟ್ಟಿ ಅಂತ ನನಗೆ ಅನಿಸಿತು. ಪಿಕ್ ಬಿಟ್ಟೆ. ಮತ್ತೆ ಹಿಡಿಯಲಿಲ್ಲ.

1994ರಲ್ಲಿ ಕೋಲ್ಕತ್ತಾದಲ್ಲಿ ಮಾಡಿದ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಂಡೆ. ಮೂರು ಸಾವಿರದ ಒಳಗೇ ಬಂತು. ಮರ ಒಳ್ಳೇದಿತ್ತು. ಪಿಕಪ್ ಮಾತ್ರ ತಗಡು ಬಡಿದ ಹಾಗೆ. ಬಿಚ್ಚಿ ನೋಡಿದರೆ ಆರು ಕಬ್ಬಿಣದ ಮೊಳೆ, ಕೆಳಗೆ ಒಂದು ಸೆರಾಮಿಕ್ ಮ್ಯಾಗ್ನೆಟ್ ಪಟ್ಟಿ. ಹತ್ತು ವರ್ಷ ಅದರಲ್ಲೇ ಬಾರಿಸಿದೆ.

2005ರ ಮಾರ್ಚ್‌ನಲ್ಲಿ ನಾಪ್‌ಫ್ಲರ್‌ನೇ ಬಂದ. ಮುಂಬೈನಲ್ಲಿ ಒಂದು ಕಾರ್ಯಕ್ರಮ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಒಂದು. ಬೆಳಗಾವಿಯಿಂದ ಎರಡೂ ಹೆಚ್ಚುಕಡಿಮೆ ಐನೂರು ಕಿಲೋಮೀಟರ್. ಮೋಟರ್ ರಿವೈಂಡಿಂಗ್ ಮಾಡುವವರಿಗೆ ಮಾರ್ಚ್ ಅಂದರೆ ಸುಗ್ಗಿ. ವೋಲ್ಟೇಜ್ ಬೀಳುತ್ತದೆ, ಕಬ್ಬಿನ ಗದ್ದೆಯ ಪಂಪ್‌ಸೆಟ್‌ಗಳು ಸಾಲಾಗಿ ಸುಟ್ಟು ಬರುತ್ತವೆ. ಬಾಗಿಲಲ್ಲಿ ಏಳು ಮೋಟರ್ ಇದ್ದವು. ಅಪ್ಪ ಅಂದರು, "ತಮ್ಮಾ, ರೈತ್ರು ನೀರಿಲ್ದ ಕುಂತಾರ, ನೀ ಗಿಟಾರ್ ಕೇಳಾಕ ಹೊಂಟೀಯಲ್ಲ." ಅವರ ಮಾತು ಸರಿಯೇ ಇತ್ತು. ಎರಡು ರಾತ್ರಿ ನಿದ್ದೆಗೆಟ್ಟು ಐದು ಮೋಟರ್ ಮುಗಿಸಿದೆ, ಬೆಂಗಳೂರಿಗೆ ರಾಣಿ ಚೆನ್ನಮ್ಮ ರೈಲು ಹತ್ತಿದೆ. ಟಿಕೆಟ್ಟು, ರೈಲು, ಊಟ ಸೇರಿ ಎರಡೂವರೆ ಸಾವಿರ ಖರ್ಚು. ತಪ್ಪಿದ ಕೆಲಸದ್ದು ಬೇರೆ ಒಂದು ಮೂರು ಸಾವಿರ.

ಅದಕ್ಕೆ ಎರಡು ವರ್ಷ ಹಿಂದೆ ಲಂಡನ್ನಿನಲ್ಲಿ ನಾಪ್‌ಫ್ಲರ್‌ನ ಮೋಟರ್‌ಸೈಕಲ್‌ಗೆ ಅಪಘಾತವಾಗಿತ್ತು. ಹೆಗಲ ಮೂಳೆ, ಪಕ್ಕೆಲುಬು ಮುರಿದು ಏಳು ತಿಂಗಳು ಗಿಟಾರ್ ಮುಟ್ಟಿರಲಿಲ್ಲ. ಮೊದಲಿನ ಹಾಗೆ ಬಾರಿಸುತ್ತಾನೋ ಇಲ್ಲವೋ ಅಂತ ದಾರಿಯುದ್ದಕ್ಕೂ ನನಗೆ ಅಳುಕು. ನಾನು ನಿಂತಿದ್ದು ಬಹಳ ಹಿಂದೆ. ಮನುಷ್ಯ ಹೆಬ್ಬೆರಳಷ್ಟು ಕಾಣುತ್ತಿದ್ದ, ಕೈ ಮಾತ್ರ ಪರದೆಯ ಮೇಲೆ ದೊಡ್ಡದಾಗಿ ಕಂಡಿತು. ಸುಲ್ತಾನ್ಸ್ ಶುರುವಾದಾಗ ನನ್ನ ಕಣ್ಣು ತುಂಬಿತು. ಆದರೆ ಅದಕ್ಕಿಂತ ಜಾಸ್ತಿ ಬೆರಗು ಹುಟ್ಟಿಸಿದ್ದು ಬೇರೆ. ಅಷ್ಟು ದೊಡ್ಡ ಮೈದಾನದಲ್ಲಿ ಆ ಗಿಟಾರ್ ಜೋರಾಗಿ ಇರಲಿಲ್ಲ. ಮೆದುವಾಗಿ ಮುಟ್ಟಿದರೆ ಮೆದು, ಬೆರಳಿನಿಂದ ಚಿಮ್ಮಿದರೆ ಚಾಟಿ. ನನ್ನ ಪಿಕಪ್‌ನಲ್ಲಿ ಎರಡೂ ಒಂದೇ ಕೇಳುತ್ತವೆ ಅಂತ ಅಲ್ಲೇ ಹೊಳೆಯಿತು. ವಾಪಸ್ ಬರುವಾಗ ರೈಲಿನಲ್ಲೇ ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು ಕಾಯಿಲ್ ಸುತ್ತುವವನು ನಾನು. ಇದನ್ನೂ ಯಾಕೆ ಸುತ್ತಬಾರದು?

ಮೊದಲ ತಪ್ಪು ತಂತಿಯದು. ಅಂಗಡಿಯಲ್ಲಿದ್ದದ್ದು ಸೀಲಿಂಗ್ ಫ್ಯಾನಿನ 36 ಗೇಜು. ತಂತಿ ಸುತ್ತುವ ಬಾಬಿನ್ ತುಂಬುವಷ್ಟರಲ್ಲಿ ಸಾವಿರದ ಚಿಲ್ಲರೆ ಸುತ್ತು. ಆಂಪ್‌ಗೆ ಹಾಕಿದರೆ ಪಕ್ಕದ ಓಣಿಯಲ್ಲಿ ಯಾರೋ ಬಾರಿಸಿದ ಹಾಗೆ. ಬೇಕಾದದ್ದು 46 ಗೇಜು, ತಲೆಗೂದಲಿನಷ್ಟು ತೆಳ್ಳಗೆ. ಗೇಜಿನ ನಂಬರು ಏರಿದಷ್ಟೂ ತಂತಿ ತೆಳು. ಪುಣೆಯಿಂದ ಅರ್ಧ ಕಿಲೋ ತರಿಸಿದೆ, ಆಗ ಏಳೆಂಟು ನೂರು ಕೊಟ್ಟ ನೆನಪು. ಒಂದು ಪಿಕಪ್‌ಗೆ ಏಳೂವರೆ, ಎಂಟು ಸಾವಿರ ಸುತ್ತು. ಉದ್ದ ಒಂದು ಕಿಲೋಮೀಟರ್‌ ದಾಟುತ್ತದೆ, ತೂಕ ಮಾತ್ರ ಮೂವತ್ತು ಗ್ರಾಂ. ಮೀಟರ್ ಇಟ್ಟರೆ ರೆಸಿಸ್ಟೆನ್ಸ್ ಆರು ಕಿಲೋ ಓಮ್ ಹತ್ತಿರ ತೋರಿಸಬೇಕು.

ಎರಡನೆಯದು ಸುತ್ತುವ ಮಷಿನ್. ನಮ್ಮ ಕೈ ಮಷಿನ್ ಫ್ಯಾನಿಗೆ ಸರಿ, ಇದಕ್ಕೆ ಜಗ್ಗಾಟ ಜಾಸ್ತಿ. ಒಂಬತ್ತು ಕಾಯಿಲ್ ಹರಿದವು. ಒಂದು ಮೂರು ಸಾವಿರಕ್ಕೆ ಹರಿಯಿತು, ಇನ್ನೊಂದು ಐದು ಸಾವಿರದ ಇನ್ನೂರಕ್ಕೆ. ಹರಿದಾಗ ಸಪ್ಪಳವೇ ಆಗುವುದಿಲ್ಲ. ಬೆರಳಿಗೆ ಬಿಗಿ ತಪ್ಪಿದ್ದು ತಿಳಿಯುತ್ತದೆ, ಅಷ್ಟೇ. ತುದಿ ಹುಡುಕುವುದಕ್ಕೆ ಕರಿ ಬಟ್ಟೆ ಹಾಸಿ ಟಾರ್ಚ್ ಹಿಡಿದು ಕೂರಬೇಕು. ಫ್ಯಾನ್ ಹಚ್ಚುವಂತಿಲ್ಲ. ಬಾಗಿಲು ತೆರೆದರೆ ಬೆಳಗಾವಿ ಗಾಳಿ. ಒಮ್ಮೆ ಹೆಂಡತಿ ಬಂದು "ಏನ್ರಿ, ಊಟಕ್ಕ ಬರ್ರಿ" ಅಂತ ಬಾಗಿಲು ತೆಗೆದಳು, ಆರು ಸಾವಿರ ಸುತ್ತು ಹೋಯಿತು. ಕೊನೆಗೆ ಹೊಲಿಗೆ ಮಷಿನ್ ಮೋಟರ್‌ಗೆ ಒಂದು ರೆಗ್ಯುಲೇಟರ್ ಕೂಡಿಸಿ, ಸೈಕಲ್ ಮೀಟರನ್ನು ಸುತ್ತು ಎಣಿಸುವುದಕ್ಕೆ ತಿದ್ದಿದೆ. ತಂತಿ ಕೈಯಲ್ಲೇ ಹಿಡಿಯುತ್ತೇನೆ. ಬೆರಳಿಗೂ ತಂತಿಗೂ ನಡುವೆ ಒಂದು ವಸ್ತು ಇಡುತ್ತೇನೆ. ಅದು ಏನು ಅಂತ ಇಲ್ಲಿ ಹೇಳುವುದಿಲ್ಲ. ಅದು ಬಂದ ಮೇಲೆ ನನ್ನ ಕೈಯಲ್ಲಿ ಹರಿದದ್ದು ಒಂದೋ ಎರಡೋ.

ಮ್ಯಾಗ್ನೆಟ್ ಅಲ್ನಿಕೋ (ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಕೂಡಿದ ಲೋಹ) ಆಗಬೇಕು, ನಾಪ್‌ಫ್ಲರ್ ಬಾರಿಸಿದಂಥ ಹಳೇ ಫೆಂಡರ್ ಗಿಟಾರುಗಳಲ್ಲಿ ಇರುವುದು ಅದೇ. ಹಳೆಯ ಕರೆಂಟ್ ಮೀಟರಿನಿಂದ ಬಿಚ್ಚಿದ ಮ್ಯಾಗ್ನೆಟ್ ಗ್ರೈಂಡ್ ಮಾಡಿಸೋಣ ಅಂತ ಇಲ್ಲೇ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಮೂರು ಒಡೆದವು. ಅದು ಗಾಜಿನ ಹಾಗೆ, ಡ್ರಿಲ್‌ಗೂ ಬಗ್ಗುವುದಿಲ್ಲ. ಮುಂಬೈನ ಲೋಹಾರ್ ಚಾಳ್ ಬಜಾರಿಗೆ ಹೋಗಿ ಕಡ್ಡಿ ಮ್ಯಾಗ್ನೆಟ್ ತಂದೆ, ಒಂದಕ್ಕೆ ಇಪ್ಪತ್ತೈದೋ ಮೂವತ್ತೋ. ಮೂರು ಪಿಕಪ್‌ಗೆ ಹದಿನೆಂಟು.

ಮೊದಲ ಒಳ್ಳೆಯ ಕಾಯಿಲ್ ಎಂಟು ದಿನ ನಡೆಯಿತು, ಆಮೇಲೆ ಸತ್ತಿತು. ಮ್ಯಾಗ್ನೆಟ್‌ನ ಅಂಚು ತಂತಿಯ ಮೇಲಿನ ಎನಾಮೆಲ್ ಲೇಪ ಕೆರೆದು ಶಾರ್ಟ್ ಆಗಿತ್ತು. ಮೋಟರಿನಲ್ಲಿ ತಂತಿ ಕೂರುವ ಸ್ಲಾಟಿಗೆ ಲೆದರಾಯ್ಡ್ ಅನ್ನುವ, ಕರೆಂಟ್ ತಡೆಯುವ ಪೇಪರ್ ಹಾಕದೆ ನಾವು ಒಂದು ಸುತ್ತೂ ಹಾಕುವುದಿಲ್ಲ, ಇಲ್ಲಿ ಅದನ್ನು ಮರೆತಿದ್ದೆ. ಈಗ ಮ್ಯಾಗ್ನೆಟ್ ಸುತ್ತ ತೆಳ್ಳನೆ ಟೇಪ್ ಸುತ್ತಿಯೇ ಶುರು ಮಾಡುತ್ತೇನೆ.

ವಾರ್ನಿಶ್ ಕಥೆ ಇನ್ನೊಂದು. ಮೋಟರ್ ಸುತ್ತಿದ ಮೇಲೆ ವಾರ್ನಿಶ್‌ನಲ್ಲಿ ಅದ್ದಿ ಒಣಗಿಸುವುದು ನಮ್ಮ ರೂಢಿ. ಇದನ್ನೂ ಅದ್ದಿದೆ. ದನಿ ಕಂಬಳಿ ಹೊದ್ದುಕೊಂಡು ಮಲಗಿತು. ಸುತ್ತು ಸುತ್ತಿನ ನಡುವೆ ವಾರ್ನಿಶ್ ತುಂಬಿದರೆ ಹೊಳಪು ಹೋಗುತ್ತದೆ. ಇನ್ನೊಂದನ್ನು ಹಾಗೇ ಒಣದು ಬಿಟ್ಟೆ, ಅದು ಆಂಪ್ ಹತ್ತಿರ ಹೋದರೆ ಸಿಳ್ಳೆ ಹೊಡೆಯಿತು. ಕೊನೆಗೆ ಮೇಣ. ಮೇಣದಬತ್ತಿ ನಾಲ್ಕು ಪಾಲು, ಜೇನುಮೇಣ ಒಂದು ಪಾಲು. ಪಾತ್ರೆಯಲ್ಲಿ ನೀರು, ನೀರಿನೊಳಗೆ ಡಬ್ಬಿ, ಅದರೊಳಗೆ ಮೇಣ. ನೇರ ಉರಿಗೆ ಇಟ್ಟರೆ ಬೆಂಕಿ ಹತ್ತುತ್ತದೆ, ಹುಷಾರು. ಎಷ್ಟು ಹೊತ್ತು ಅದ್ದಬೇಕು ಅನ್ನುವುದರಲ್ಲೇ ದನಿ ಇದೆ. ಅದನ್ನು ನೀವೇ ಹುಡುಕಿಕೊಳ್ಳಿ. ನನಗೆ ಮೂರು ಮಳೆಗಾಲ ಹಿಡಿಯಿತು.

ಸುಲ್ತಾನ್ಸ್‌ನ ದನಿ ಬ್ರಿಡ್ಜ್ ಪಿಕಪ್ಪು (ತಂತಿ ಕೂರುವ ಕೆಳಗಿನ ತುದಿಯ ಹತ್ತಿರದ್ದು), ನಡುವಿನ ಪಿಕಪ್ಪು ಎರಡೂ ಕೂಡಿದಾಗ ಬರುವಂಥದ್ದು. ಅವನು ಬಾರಿಸಿದ್ದು ಫೆಂಡರ್ ಕಂಪನಿಯ ಸ್ಟ್ರ್ಯಾಟೊಕಾಸ್ಟರ್ ಗಿಟಾರು. ಆ ಕಾಲದವುಗಳಲ್ಲಿ ಪಿಕಪ್ ಆರಿಸಲು ಮೂರೇ ಹಂತದ ಸ್ವಿಚ್. ಎರಡರ ನಡುವೆ ಅದನ್ನು ಹೇಗಾದರೂ ನಿಲ್ಲಿಸಬೇಕಿತ್ತು. ಫೆಂಡರ್‌ನವರು ಐದು ಹಂತದ ಸ್ವಿಚ್ ಹಾಕಲು ಶುರು ಮಾಡಿದ್ದು 1977ರಲ್ಲಿ. ನಾನು ಐದು ಹಂತದ್ದೇ ಹಾಕಿದ್ದೇನೆ. ಜೊತೆಗೆ ನಡುವಿನ ಕಾಯಿಲನ್ನು ಉಲ್ಟಾ ಸುತ್ತಿ, ಮ್ಯಾಗ್ನೆಟ್‌ನ ಮುಖವನ್ನೂ ತಿರುಗಿಸಿದ್ದೇನೆ. ಎರಡೂ ಕೂಡಿದಾಗ ಕರೆಂಟಿನ ಗುಂಯ್ ಸದ್ದು, ಹಮ್, ಸತ್ತುಹೋಗುತ್ತದೆ. ಹಳೆಯ ಗಿಟಾರುಗಳಲ್ಲಿ ಹೀಗೆ ಇರಲಿಲ್ಲ ಅಂತ ಶುದ್ಧವಾದಿಗಳು ಬಂದು ಹೇಳುತ್ತಾರೆ. ಅವರು ಉದ್ಯಮಬಾಗ್‌ನಲ್ಲಿ, ಪಕ್ಕದಲ್ಲಿ ಫೌಂಡ್ರಿಯ ಇಂಡಕ್ಷನ್ ಫರ್ನೇಸ್ ಓಡುವಾಗ ಬಾರಿಸಿ ನೋಡಲಿ.

ನಡುನಡುವೆ ಬೇರೆ ಆಟಗಳೂ ಆದವು. ಟೋನ್ ಕಂಟ್ರೋಲ್‌ಗೆ ಫ್ಯಾನಿನ ಕಂಡೆನ್ಸರ್ ಹಾಕಿ ನೋಡಿದೆ. ಎರಡೂವರೆ ಮೈಕ್ರೋಫ್ಯಾರಡ್‌, ಗಿಟಾರಿಗೆ ಬೇಕಾದದ್ದರ ಎಷ್ಟೋ ಪಟ್ಟು. ತಿರುವಿದರೆ ದನಿಯೇ ಹೂತುಹೋಯಿತು. ನಮ್ಮ ಓಣಿಯ ಭಜನಾ ಮಂಡಳಿಯ ಏಕತಾರಿಗೆ ಒಂದು ಸಣ್ಣ ಪಿಕಪ್ ಸುತ್ತಿ ಕೊಟ್ಟೆ, ಒಂದೇ ಮ್ಯಾಗ್ನೆಟ್, ನಾಲ್ಕು ಸಾವಿರ ಸುತ್ತು. ಅವರದು ಉಕ್ಕಿನ ತಂತಿ, ಹಾಗಾಗಿ ಚೆನ್ನಾಗಿ ಎತ್ತಿಕೊಂಡಿತು. ಈಗ ಏಕಾದಶಿಗೆ ಓಣಿಯ ಕೊನೆತನಕ ಕೇಳುತ್ತದೆ. ಮಿರಜಿನಿಂದ ಸಿತಾರಿನ ಹಿತ್ತಾಳೆ ತಂತಿ ತಂದು ಗಿಟಾರಿಗೆ ಕಟ್ಟಿದೆ, ಅದಕ್ಕೆ ಪಿಕಪ್ ಮಾತೇ ಆಡಲಿಲ್ಲ. ಹಿತ್ತಾಳೆ ಮ್ಯಾಗ್ನೆಟ್‌ಗೆ ಸಿಕ್ಕುವುದಿಲ್ಲ ಅಂತ ಗೊತ್ತಿತ್ತು. ಆದರೂ ಕೈ ಸುಮ್ಮನಿರಲಿಲ್ಲ. ಡೈರ್ ಸ್ಟ್ರೇಟ್ಸ್‌ನ ಮನಿ ಫಾರ್ ನಥಿಂಗ್ ಹಾಡಿನ ಗಿಟಾರಿನ ಆ ವಿಚಿತ್ರ ದನಿ, ರೆಕಾರ್ಡಿಂಗ್‌ನಲ್ಲಿ ಮೈಕ್ ಅಕಸ್ಮಾತ್ ನೆಲದ ಕಡೆ ತಿರುಗಿ ನಿಂತಿದ್ದರಿಂದ ಬಂತು ಅಂತ ಹೇಳುತ್ತಾರೆ. ನಾನೂ ಮೈಕನ್ನು ಟೇಬಲ್ ಕೆಳಗೆ, ಅಕ್ಕಿ ಡಬ್ಬಿಯೊಳಗೆ, ಬಚ್ಚಲಲ್ಲಿ ಇಟ್ಟು ನೋಡಿದೆ. ಬಚ್ಚಲು ಬಹಳ ಚೆನ್ನಾಗಿದೆ.

ಬೆರಳಿನ ವಿಷಯ ಬಿಡುವಂತಿಲ್ಲ. ವೈಂಡಿಂಗ್ ಮಾಡಿ ಮಾಡಿ ನನ್ನ ಬಲ ಹೆಬ್ಬೆರಳಿನ ಚರ್ಮ ಗಟ್ಟಿಯಾಗಿತ್ತು. ತಂತಿಗೆ ತಾಗಿದರೆ ಟಕ್ ಅಂತ ಉಗುರಿನ ಸದ್ದು. ಪಿಕಪ್ ಸರಿ ಇಲ್ಲ ಅಂತ ನಾಲ್ಕು ತಿಂಗಳು ಪಿಕಪ್ ಬಿಚ್ಚಿ ಕಟ್ಟಿದೆ, ತಪ್ಪು ಬೆರಳಲ್ಲಿತ್ತು. ಈಗ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಸ್ನಾನದಲ್ಲಿ ಕಲ್ಲಿನಿಂದ ತಿಕ್ಕುತ್ತೇನೆ. ಉಗುರು ಸಣ್ಣದು. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ನಲವತ್ತು ನಿಮಿಷ.

ದುಡ್ಡಿನ ಲೆಕ್ಕ ಕೇಳುವವರಿಗೆ: ಹತ್ತು ಹನ್ನೆರಡು ವರ್ಷದಲ್ಲಿ ತಂತಿ, ಮ್ಯಾಗ್ನೆಟ್, ಓಡಾಟ, ಒಂದು ಹಳೇ ಆಂಪ್ ಸೇರಿ ನಲವತ್ತು ಸಾವಿರ ಹೋಗಿರಬೇಕು. ಆ ದುಡ್ಡಿಗೆ ಫಾರಿನ್ ಪಿಕಪ್ ಎರಡು ಸೆಟ್ ಬರುತ್ತಿತ್ತು. ಆದರೆ ಈಗ ಒಂದು ಸೆಟ್ ಸುತ್ತಿದರೆ ಸಾಮಾನಿಗೆ ನನಗೆ ಬೀಳುವುದು ಸಾವಿರದ ಆಸುಪಾಸು. ಹೋದ ವರ್ಷ ಐದು ಸೆಟ್ ಕೊಟ್ಟೆ, ಎರಡು ಗೋವಾಕ್ಕೆ ಹೋದವು. ಪಿಕಪ್ ವಾಪಸ್ ಯಾರೂ ತಂದಿಲ್ಲ.

2024ರ ಜನವರಿಯಲ್ಲಿ ನಾಪ್‌ಫ್ಲರ್ ತನ್ನ ನೂರಿಪ್ಪತ್ತಕ್ಕೂ ಜಾಸ್ತಿ ಗಿಟಾರು, ಆಂಪುಗಳನ್ನು ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಮಾರಿದ. ಒಟ್ಟು ಎಂಬತ್ತೆಂಟು ಲಕ್ಷ ಪೌಂಡ್ ಬಂತು, ಅದರಲ್ಲಿ ಕಾಲು ಭಾಗ ದಾನಕ್ಕೆ. ಆ ಸುದ್ದಿ ಬಂದ ದಿನ ನಾನು ಅಂಗಡಿಯಲ್ಲಿ ಸಬ್‌ಮರ್ಸಿಬಲ್ ಬಿಚ್ಚುತ್ತಿದ್ದೆ. ಅವನಿಲ್ಲದೆ ಆ ಗಿಟಾರುಗಳು ಯಾರದೋ ಗೋಡೆ ಸೇರುತ್ತವೆ ಅಂತ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಕೈ ತೊಳೆದು ಒಳಗೆ ಹೋಗಿ ಅವನ ಬ್ರದರ್ಸ್ ಇನ್ ಆರ್ಮ್ಸ್ ಹಾಡು ಪೂರ್ತಿ ಬಾರಿಸಿದೆ. ಗಿರಾಕಿ ಹೊರಗೆ ಕಾಯುತ್ತಾ ನಿಂತಿದ್ದ, ಏನೂ ಅನ್ನಲಿಲ್ಲ.

ಕ್ಯಾಂಪಿನ ಸರ್ ಮಿಕ್ಸರ್ ತಗೊಂಡು ಹೋದ ಮರುವಾರ ಮತ್ತೆ ಬಂದರು, ಕೈಯಲ್ಲಿ ಗಿಟಾರಿನ ಚೀಲ. ನಡುವಿನ ಪಿಕಪ್ ಎರಡು ವರ್ಷದಿಂದ ಸತ್ತಿದೆಯಂತೆ. ಮೀಟರ್ ಇಟ್ಟೆ, ಓಪನ್. ಅಂದರೆ ಒಳಗೆ ತಂತಿ ಹರಿದಿದೆ. ಬಿಚ್ಚಿ ಹಳೇ ತಂತಿ ತೆಗೆದು ಮ್ಯಾಗ್ನೆಟ್‌ಗೆ ಟೇಪ್ ಸುತ್ತಿ ಇಟ್ಟಿದ್ದೇನೆ. ಇವತ್ತು ಗಾಳಿ ಜೋರಿದೆ. ನಿಂತ ಮೇಲೆ ಬಾಗಿಲು ಹಾಕಿಕೊಂಡು ಸುತ್ತಬೇಕು.