ಶಾಲೆಯ ಸಿಸಿಟಿವಿ: ಡಿವಿಆರ್ ಕಡೆಗೂ ಒಮ್ಮೆ ಗಮನ ಕೊಡಿ

ಕ್ಯಾಮೆರಾ ಹಾಕಿಸಿದ ಮೇಲೆ ಡಿವಿಆರ್ (ದೃಶ್ಯಗಳನ್ನು ರೆಕಾರ್ಡ್ ಮಾಡಿಡುವ ಪೆಟ್ಟಿಗೆ) ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅಳವಡಿಸಿದವರು ಇಟ್ಟ ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡ್ 12345 ಹಾಗೇ ಉಳಿದಿದ್ದರೆ ಮಕ್ಕಳ ದೃಶ್ಯಗಳು ಹೊರಗಿನವರ ಕೈಗೆ ಸಿಗಬಹುದು. ಇವತ್ತೇ ಪಾಸ್‌ವರ್ಡ್ ಬದಲಿಸಿ, ಕನಿಷ್ಠ 12 ಅಕ್ಷರ ಇರಲಿ. ವೈಫೈಗೆ ಇಟ್ಟಿದ್ದನ್ನೇ ಇಲ್ಲಿಗೂ ಇಡಬೇಡಿ. ರೂಟರ್‌ನಲ್ಲಿ ಯುಪಿಎನ್‌ಪಿ (ಸಾಧನಗಳು ತಾವಾಗಿಯೇ ಇಂಟರ್ನೆಟ್‌ಗೆ ದಾರಿ ತೆರೆದುಕೊಳ್ಳುವ ಸೌಲಭ್ಯ) ಆಫ್ ಮಾಡಿ, ಪೋರ್ಟ್ ಫಾರ್ವರ್ಡಿಂಗ್ (ಇಂಟರ್ನೆಟ್‌ನಿಂದ ನೇರ ಡಿವಿಆರ್‌ಗೆ ಬರಲು ನಾವೇ ತೆರೆದಿಟ್ಟ ದಾರಿ) ಇದ್ದರೆ ತೆಗೆಯಿರಿ. ಕೆಲಸ ಬಿಟ್ಟು ಹೋದವರ ಮೊಬೈಲಿನಲ್ಲಿ ಕ್ಯಾಮೆರಾ ನೋಡುವ ಆ್ಯಪ್ ಇನ್ನೂ ಲಾಗಿನ್ ಆಗಿಯೇ ಇರಬಹುದು (ಇದನ್ನು ಮರೆಯುವವರೇ ಹೆಚ್ಚು). ಯೂಸರ್ ಪಟ್ಟಿಯಿಂದ ಅವರನ್ನು ತೆಗೆದುಹಾಕಿ.

ತಾರೀಖು, ಸಮಯವನ್ನೂ ನೋಡಿ. ಒಳಗಿನ ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಖು ತಪ್ಪಾಗುತ್ತದೆ, ಆಮೇಲೆ ಬೇಕಾದ ದಿನದ ರೆಕಾರ್ಡಿಂಗ್ ಹುಡುಕಿದರೂ ಸಿಗುವುದಿಲ್ಲ. ತಿಂಗಳಿಗೊಮ್ಮೆ ಹಿಂದಿನ ವಾರದ ಐದು ನಿಮಿಷ ಪ್ಲೇ ಮಾಡಿ. ಲೈವ್ ಕಾಣಿಸುತ್ತಿದೆ ಅಂದ ಮಾತ್ರಕ್ಕೆ ಹಾರ್ಡ್‌ಡಿಸ್ಕ್‌ನಲ್ಲಿ ರೆಕಾರ್ಡ್ ಆಗುತ್ತಿದೆ ಎಂದಲ್ಲ.