ಒಲವಿಗೂ ಹಬ್ಬಕ್ಕೂ ಬಣ್ಣದ ಕುಕೀಸ್: ಮೂರು ದಿನ ಮೊದಲೇ ಶುರು ಮಾಡಿ

ಫೆಬ್ರುವರಿ 14ಕ್ಕೆ ಹೃದಯದ ಆಕಾರದ ಕುಕೀಸ್ ಕೊಡಬೇಕು ಅಂತಿದ್ದೀರಾ? ಹಾಗಾದರೆ ಕೆಲಸ 11ಕ್ಕೇ ಶುರುವಾಗಬೇಕು. 13ರ ರಾತ್ರಿ ಕೂತರೆ ಬಣ್ಣ ಒಂದಕ್ಕೊಂದು ಹತ್ತಿಕೊಂಡು ಎಲ್ಲ ರಾಡಿಯಾಗುತ್ತದೆ. ಕ್ರಿಸ್‌ಮಸ್‌ಗೂ ಇದೇ ಲೆಕ್ಕ, 22ಕ್ಕೆ ಓವನ್ ಹಚ್ಚಿ. ಚಿತ್ರ ಬರೆಯಲು ಬಾರದವರು ಹೆದರಬೇಕಿಲ್ಲ. ಐಸಿಂಗ್‌ನಲ್ಲಿ (ಕುಕೀ ಮೇಲೆ ಬಳಿಯುವ ಸಕ್ಕರೆ ಲೇಪ) ನೀರಿನ ಹದ ಸರಿ ಇದ್ದು, ಅದು ಒಣಗುವ ತನಕ ಮುಟ್ಟದೆ ಬಿಟ್ಟರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಬಿಸ್ಕತ್ತಿನ ಮೇಲೆ ಪ್ರೀತಿ ಬರೆದು ಕೊಡುವ ರೂಢಿ ಹಳೆಯದು. ಉತ್ತರ ಕ್ರೊಯೇಷಿಯಾದ ಲಿಸಿತಾರ್ ಎಂಬ ಕೆಂಪು ಹೃದಯಗಳಲ್ಲಿ ನಡುವೆ ಪುಟ್ಟ ಕನ್ನಡಿ ಕೂರಿಸಿ, ಸುತ್ತ ಬಿಳಿ ಐಸಿಂಗ್ ಬಳ್ಳಿ ಬರೆಯುತ್ತಾರೆ. ಆ ಕಸುಬು 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಜರ್ಮನಿಯ ಕ್ರಿಸ್‌ಮಸ್ ಸಂತೆಗಳಲ್ಲಿ ಜಿಂಜರ್‌ಬ್ರೆಡ್ ಹೃದಯಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವ ಹಾಗೆ ಮಾರುತ್ತಾರೆ. ನಮ್ಮ ಮಂಗಳೂರಿನ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿ ತಟ್ಟೆಯ ಕಿಡ್ಯೊ, ನೆವ್ರ್ಯೊ, ಗುಳಿಯೊಗಳಿಗೆ ಇಂಥ ಬಣ್ಣದ ಹಂಗಿಲ್ಲ. ಅವುಗಳ ಪಕ್ಕದಲ್ಲಿ ನಾಲ್ಕು ಐಸಿಂಗ್ ಕುಕೀಸ್ ಇಟ್ಟರೆ ಮಕ್ಕಳ ಕೈ ಮೊದಲು ಅಲ್ಲಿಗೇ ಹೋಗುತ್ತದೆ, ಅದು ಬೇರೆ ಮಾತು.

ಮೊದಲ ದಿನ: ಬೇಯಿಸಿ, ಬಣ್ಣ ಕಲಸಿಡಿ

ಮೈದಾ 300 ಗ್ರಾಂ, ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ. ಚಿಟಿಕೆ ಉಪ್ಪು, ಸ್ವಲ್ಪ ವೆನಿಲ್ಲಾ. ಮೊಟ್ಟೆ ಬೇಡ. ಬೇಕಿಂಗ್ ಪೌಡರ್ ಅಂತೂ ಬೇಡವೇ ಬೇಡ, ಹಾಕಿದರೆ ಹೃದಯ ಉಬ್ಬಿ ಹಲಸಿನ ಎಲೆಯ ಆಕಾರಕ್ಕೆ ಬರುತ್ತದೆ. ಹಿಟ್ಟು ಒಗ್ಗೂಡದಿದ್ದರೆ ಒಂದು ಚಮಚ ಹಾಲು ಚಿಮುಕಿಸಿ. ಎರಡು ಬಟರ್ ಪೇಪರ್ ನಡುವೆ ಇಟ್ಟು ಸುಮಾರು 6 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತಣ್ಣಗಾದ ಬೆಣ್ಣೆ ಓವನ್‌ನಲ್ಲಿ ತಡವಾಗಿ ಕರಗುತ್ತದೆ, ಅಂಚು ನೆಟ್ಟಗೆ ಉಳಿಯುತ್ತದೆ. 170 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ, ಅಂಚು ಕೆಂಪಾಗತೊಡಗಿದ ಕೂಡಲೇ ತೆಗೆಯಿರಿ. ಪೂರ್ತಿ ಆರಲು ಬಿಡಿ.

ಇನ್ನು ರಾಯಲ್ ಐಸಿಂಗ್. ಐಸಿಂಗ್ ಶುಗರ್ 250 ಗ್ರಾಂ, ಮೆರಾಂಗ್ ಪೌಡರ್ (ಒಣಗಿಸಿದ ಮೊಟ್ಟೆಯ ಬಿಳಿಯಿಂದ ಮಾಡಿದ ಪುಡಿ) ಒಂದೂವರೆ ಟೇಬಲ್ ಚಮಚ, ನೀರು ಸುಮಾರು ಮೂರು ಟೇಬಲ್ ಚಮಚ. ಸಕ್ಕರೆ ಜರಡಿ ಹಿಡಿಯಿರಿ. ಮಿಕ್ಸಿಯಲ್ಲಿ ಮನೆಯಲ್ಲೇ ಪುಡಿ ಮಾಡಿದ ಸಕ್ಕರೆ ಎಷ್ಟೇ ನುಣ್ಣಗೆ ಕಂಡರೂ ಒಂದೆರಡು ಕಾಳು ಉಳಿದು ಐಸಿಂಗ್ ಹಿಂಡುವ ಕೋನ್‌ನ ತುದಿ ಕಟ್ಟಿಕೊಳ್ಳುತ್ತದೆ, ಅಂಗಡಿಯದ್ದೇ ವಾಸಿ. ಪಾತ್ರೆಯಲ್ಲಿ ಜಿಡ್ಡಿನ ಸುಳಿವೂ ಇರಬಾರದು. ಬೀಟರ್ ನಿಧಾನದಲ್ಲಿಟ್ಟು ಏಳೆಂಟು ನಿಮಿಷ ಆಡಿಸಿದರೆ ಬೆಳ್ಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಹಸಿ ಮೊಟ್ಟೆಯ ಬಿಳಿಯಲ್ಲೂ ಮಾಡುತ್ತಾರೆ. ಆದರೆ ಮಕ್ಕಳು, ಬಸುರಿಯರು, ವಯಸ್ಸಾದವರು ತಿನ್ನುವ ಮನೆಯಲ್ಲಿ ಆ ಅಪಾಯ ಯಾಕೆ?

ಮೆರಾಂಗ್ ಪೌಡರ್ ಕೂಡ ಮೊಟ್ಟೆಯಿಂದಲೇ ಬರುತ್ತದೆ ಎಂಬುದು ನೆನಪಿರಲಿ. ಮೊಟ್ಟೆ ಮುಟ್ಟದವರಿಗೆ ಕೊಡುವುದಾದರೆ ಅದರ ಬದಲು ಕಾಬೂಲಿ ಕಡಲೆ ಬೇಯಿಸಿದ ನೀರು ಬಳಸಿ. ನಗಬೇಡಿ, ನಿಜಕ್ಕೂ ನೊರೆ ಬರುತ್ತದೆ. 2014ರಲ್ಲಿ ಫ್ರಾನ್ಸಿನ ಜೋಯಲ್ ರೋಸೆಲ್ ತೋರಿಸಿಕೊಟ್ಟ ಉಪಾಯ ಇದು. ಉಪ್ಪು ಹಾಕದೆ ಬೇಯಿಸಿ, ಆ ನೀರನ್ನು ಕುದಿಸಿ ಲೋಳೆಯಷ್ಟು ಮಂದ ಮಾಡಿ, ಮೇಲಿನ ಅಳತೆಗೆ ಮೂರು ಟೇಬಲ್ ಚಮಚ ಹಾಕಿ. ಆಗ ಬೇರೆ ನೀರು ಬೇಕಿಲ್ಲ. ವೆನಿಲ್ಲಾ ಬಿದ್ದರೆ ಕಡಲೆಯ ವಾಸನೆ ಹೋಗುತ್ತದೆ.

ಬಣ್ಣವನ್ನು ಇವತ್ತೇ ಕಲಸಿಡಿ. ಜೆಲ್ ಕಲರ್ ಇಟ್ಟಷ್ಟೂ ಗಾಢವಾಗುತ್ತದೆ. ಕೆಂಪಿಗೆ ಇದು ಮುಖ್ಯ. ಅಲ್ಲೇ ಕಡುಗೆಂಪು ಬರಲಿ ಅಂತ ಸುರಿಯುತ್ತಾ ಹೋದರೆ ಐಸಿಂಗ್ ಕಹಿಯಾಗುತ್ತದೆ. ಗಾಢ ಗುಲಾಬಿ ಬಂದಾಗಲೇ ನಿಲ್ಲಿಸಿ, ಪಾತ್ರೆಗೆ ಪ್ಲಾಸ್ಟಿಕ್ ಹಾಳೆ ಒತ್ತಿ ಮುಚ್ಚಿಡಿ. ಬೆಳಿಗ್ಗೆ ನೋಡಿದರೆ ಕೆಂಪಾಗಿರುತ್ತದೆ. ತಿಳಿ ಗುಲಾಬಿ ಸಾಕು ಅನ್ನುವವರಿಗೆ ಬೀಟ್‌ರೂಟ್ ಪುಡಿ ಚೆನ್ನಾಗಿದೆ. ಲೇಬಲ್ ಇಲ್ಲದ ಮಿಣಿಮಿಣಿ ಬಣ್ಣದ ಡಬ್ಬಿ ಮಾತ್ರ ತರಬೇಡಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕಾಟನ್ ಕ್ಯಾಂಡಿ, ಗೋಬಿ ಮಂಚೂರಿ ಮೇಲೆ ಕ್ರಮ ಕೈಗೊಂಡಾಗ ಸುದ್ದಿಯಾದ ರೊಡಮೈನ್ ಬಿ ಬಟ್ಟೆಗೆ ಹಾಕುವ ಬಣ್ಣ. ಅದೂ ನೋಡಲು ಚೆಂದದ ಗುಲಾಬಿಯೇ.

ಎರಡನೇ ದಿನ: ತುಂಬಿಸುವುದು

ಹದ ನೋಡುವ ಬಗೆ ಸುಲಭ. ಐಸಿಂಗ್ ಮೇಲೆ ಚಾಕುವಿನಿಂದ ಒಂದು ಗೆರೆ ಎಳೆದು ಎಣಿಸಿ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಗೆರೆ ಮುಚ್ಚಿಕೊಂಡರೆ ಅದು ತುಂಬಿಸಲು. ಇಪ್ಪತ್ತರ ಸುಮಾರಿಗೆ ಮುಚ್ಚಿದರೆ ಅಂಚಿನ ಗೆರೆಗೆ. ಮುಚ್ಚದೇ ನಿಂತರೆ ಅಕ್ಷರ, ಹೂವು ಬರೆಯಲು. ನೀರನ್ನು ಹನಿ ಹನಿಯಾಗಿ ಸೇರಿಸಿ. ತೆಳುವಾದದ್ದನ್ನು ಮತ್ತೆ ಗಟ್ಟಿ ಮಾಡಲು ಸಕ್ಕರೆ ಸುರಿಯುತ್ತಾ ಕೂರಬೇಕಾಗುತ್ತದೆ.

ದುಬಾರಿ ನಾಝಲ್ ಬೇಕಿಲ್ಲ. ಗಟ್ಟಿ ಪ್ಲಾಸ್ಟಿಕ್ ಹಾಳೆಯಲ್ಲಿ ಮೆಹಂದಿ ಕೋನ್ ಸುತ್ತಲು ಬಂದರೆ ಸಾಕು, ತುದಿ ಕೂದಲೆಳೆಯಷ್ಟು ಕತ್ತರಿಸಿ. ಗೆರೆ ಎಳೆಯುವಾಗ ತುದಿಯನ್ನು ಕುಕೀಗೆ ಒತ್ತಬೇಡಿ. ರಂಗೋಲಿ ಪುಡಿ ಬಿಡುವಾಗ ಬೆರಳು ನೆಲ ಮುಟ್ಟುವುದಿಲ್ಲ ಅಲ್ವಾ, ಹಾಗೇ ಸ್ವಲ್ಪ ಎತ್ತಿ ಹಿಡಿದು ಎಳೆ ತಾನೇ ಬೀಳಲು ಬಿಡಿ. ಅಂಚು ಕಟ್ಟಿ, ಒಳಗೆ ತೆಳು ಐಸಿಂಗ್ ತುಂಬಿ, ಟೂತ್‌ಪಿಕ್‌ನಿಂದ ಮೂಲೆಗೆ ಸರಿಸಿ, ಗುಳ್ಳೆ ಒಡೆಯಿರಿ.

ಇಲ್ಲಿಯ ಒಂದು ಕೈಗೆಲಸ ಕಲಿತರೆ ಉಳಿದದ್ದನ್ನೆಲ್ಲ ಬಿಟ್ಟರೂ ನಡೆಯುತ್ತದೆ. ಕೆಂಪು ಐಸಿಂಗ್ ಇನ್ನೂ ಹಸಿ ಇರುವಾಗಲೇ ಅದರ ಮೇಲೆ ಬಿಳಿ ಚುಕ್ಕಿಗಳನ್ನು ಸಾಲಾಗಿ ಇಡಿ. ಟೂತ್‌ಪಿಕ್‌ನ ತುದಿಯನ್ನು ಮೊದಲ ಚುಕ್ಕಿಯ ಮೇಲ್ಗಡೆ ಊರಿ, ಎತ್ತದೆ, ಎಲ್ಲ ಚುಕ್ಕಿಗಳ ನಡುವಿನಿಂದ ಒಂದೇ ಎಳೆತಕ್ಕೆ ಕೆಳಗೆ ತನ್ನಿ. ಪ್ರತಿ ಚುಕ್ಕಿಯೂ ಹೃದಯವಾಗುತ್ತದೆ! ಎರಡು ಬಣ್ಣದ ಹದವೂ ಒಂದೇ ಇರಬೇಕು. ಇಲ್ಲದಿದ್ದರೆ ಚುಕ್ಕಿ ಮುಳುಗುತ್ತದೆ ಇಲ್ಲವೇ ಗುಡ್ಡೆಯಾಗಿ ಕೂರುತ್ತದೆ. ಒಂದೊಂದೇ ಕುಕೀ ತುಂಬಿಸಿ ಅಲ್ಲೇ ಮುಗಿಸಿ, ಹತ್ತಕ್ಕೂ ಬಣ್ಣ ತುಂಬಿ ಆಮೇಲೆ ಚುಕ್ಕಿ ಇಡಲು ಹೋದರೆ ಮೊದಲನೆಯದು ಕೆನೆಗಟ್ಟಿರುತ್ತದೆ. ಕ್ರಿಸ್‌ಮಸ್‌ಗೆ ಇದೇ ಉಪಾಯ ಇನ್ನೊಂದು ವೇಷದಲ್ಲಿ: ಹಸಿರು ಮರದ ಮೇಲೆ ಬಿಳಿ ಅಡ್ಡಗೆರೆ ಹಾಕಿ ಮೇಲಿಂದ ಕೆಳಗೆ ಎಳೆಯಿರಿ, ಹಿಮ ಬಿದ್ದ ಕೊಂಬೆಗಳು. ನೀಲಿ ದುಂಡು ಕುಕೀ ಮೇಲೆ ಬಿಳಿ ಸುರುಳಿ ಸುತ್ತಿ ನಡುವಿನಿಂದ ಅಂಚಿಗೆ ಎಳೆದರೆ ನಕ್ಷತ್ರ.

ಮುಗಿದ ಕೂಡಲೇ ಟೇಬಲ್ ಫ್ಯಾನ್ ಎದುರು ಇಡಿ. ಮೇಲ್ಪದರ ಬೇಗ ಒಣಗಿದರೆ ಹೊಳಪೂ ಬರುತ್ತದೆ, ಸಣ್ಣ ಜಾಗಗಳಲ್ಲಿ ಗುಳಿ ಬೀಳುವುದೂ ಕಡಿಮೆ. ಬೆಂಗಳೂರಿನ ಡಿಸೆಂಬರ್ ಒಣ ಹವೆಯಲ್ಲಿ ಒಂದು ರಾತ್ರಿ ಸಾಕು. ಮಂಗಳೂರು, ಉಡುಪಿ, ಕಾರವಾರದವರು ಪೂರ್ತಿ ಒಂದು ದಿನ ಬಿಡಿ, ಎ.ಸಿ. ಇದ್ದರೆ ಆ ಕೋಣೆಯಲ್ಲಿಡಿ. ಬೇಗ ಆಗಲಿ ಅಂತ ಫ್ರಿಜ್‌ನಲ್ಲಿಟ್ಟರೆ ಹೊರಗೆ ತೆಗೆದಾಗ ಬೆವರಿ ಕೆಂಪು ಬಿಳಿಗೆ ಇಳಿಯುತ್ತದೆ.

ಮೂರನೇ ದಿನ: ಅಕ್ಷರ, ಚುಕ್ಕಿ

ಒಣಗಿದ ಮೈ ಮೇಲೆ ಗಟ್ಟಿ ಐಸಿಂಗ್‌ನಿಂದ ಬರೆಯಿರಿ. ಕನ್ನಡದಲ್ಲೇ ಬರೆಯುವುದಾದರೆ ಒತ್ತಕ್ಷರ ಇಲ್ಲದ ಮಾತು ನೋಡಿಕೊಳ್ಳಿ. ‘ಪ್ರೀತಿ’ಯ ರ-ಒತ್ತಿಗೆ ಎರಡಂಗುಲದ ಕುಕೀಯಲ್ಲಿ ಜಾಗ ಸಾಲದು, ‘ಒಲವು’ ಅಂದವಾಗಿ ಕೂರುತ್ತದೆ. ಹೆಸರು ಬರೆಯುವ ಮೊದಲು ಟೂತ್‌ಪಿಕ್‌ನಿಂದ ತೆಳುವಾಗಿ ಗೀರಿಕೊಂಡರೆ ಸಾಲು ವಾಲುವುದಿಲ್ಲ.

ಮ್ಯಾಕರಾನ್‌ಗೆ ಬೇರೆ ನಿಯಮ

ಮ್ಯಾಕರಾನ್ ಅಂದರೆ ಎರಡು ಚಿಪ್ಪುಗಳ ನಡುವೆ ಕ್ರೀಮ್ ತುಂಬಿದ ತಿನಿಸು, ಚಿಪ್ಪು ಬಾದಾಮಿ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿಯಲ್ಲಿ ಆಗುವುದು. ಮೊದಲೇ ಪರಿಚಯ ಇಲ್ಲದವರು ಹಬ್ಬದ ಮುಂಚಿನ ದಿನ ಹೊಸದಾಗಿ ಬೇಯಿಸಲು ಹೋಗಬೇಡಿ, ಬೇಕರಿಯಿಂದ ತಂದು ಅಲಂಕಾರ ಮಾತ್ರ ಮಾಡಿ. ತಪ್ಪೇನಿಲ್ಲ. ನೀವೇ ಮಾಡುವುದಾದರೆ ಹೃದಯದ ಚಿತ್ರ ಬರೆದ ಹಾಳೆಯನ್ನು ಬಟರ್ ಪೇಪರ್ ಕೆಳಗಿಟ್ಟು, ಎರಡು ಭುಜಗಳಿಂದ ಕೆಳಗಿನ ಮೊನೆಗೆ ಎರಡೇ ಎಳೆತದಲ್ಲಿ ಹಿಟ್ಟು ಬಿಡಿ. ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಬೇಯಿಸಿ. ಬಣ್ಣಕ್ಕೆ ಜೆಲ್ ಅಥವಾ ಪುಡಿ ಮಾತ್ರ, ನೀರು ಬಣ್ಣ ಹಾಕಿದರೆ ಹಿಟ್ಟು ಸಡಿಲವಾಗುತ್ತದೆ. ಬೀಟ್‌ರೂಟ್ ಇಲ್ಲಿ ಕೈಕೊಡುತ್ತದೆ, ಓವನ್ ಬಿಸಿಗೆ ಕಂದಾಗುತ್ತದೆ.

ಬೆಂದ ಮೇಲೆ ಅದರ ಹತ್ತಿರ ನೀರು ತರಲೇಬಾರದು. ಒದ್ದೆ ಕುಂಚ ತಾಗಿದಲ್ಲಿ ಮೈ ಕರಗಿ ಹಳ್ಳ ಬೀಳುತ್ತದೆ. ತಿನ್ನಬಹುದಾದ ಚಿನ್ನದ ಬಣ್ಣದ ಪುಡಿಯನ್ನು ಒಂದೆರಡು ಹನಿ ವೋಡ್ಕಾದಲ್ಲಿ ಕಲಸಿ ಬಳಿಯುತ್ತಾರೆ, ಅದು ಬೇಗ ಆರಿಹೋಗುವುದರಿಂದ. ಬೇಡವೆಂದರೆ ಒಣ ಕುಂಚದಲ್ಲೇ ಸವರಿ. ಇದಕ್ಕಿಂತ ನನಗೆ ಇಷ್ಟ ಸಿಹಿತಿಂಡಿಗೆ ಹಚ್ಚುವ ನಮ್ಮ ತೆಳು ಬೆಳ್ಳಿ ಹಾಳೆ, ಬೆಳ್ಳಿ ವರ್ಕ್: ಚೂರು ಹರಿದು, ಎಳ್ಳಿನಷ್ಟು ಚಾಕೊಲೇಟ್ ಮೇಲೆ ಅಂಟಿಸಿದರೆ ಯಾವ ಗ್ಲಿಟರೂ ಅದರ ಮುಂದೆ ನಿಲ್ಲದು. ಗ್ಲಿಟರ್ ತರುವುದೇ ಆದರೆ ‘ನಾನ್ ಟಾಕ್ಸಿಕ್’ ಎಂದಷ್ಟೇ ಬರೆದಿದ್ದರೆ ಬಿಟ್ಟುಬಿಡಿ. ವಿಷ ಅಲ್ಲ ಅಂದರೆ ತಿನ್ನಬಹುದು ಅಂತಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಫ್‌ಡಿಎ 2018ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ‘ಎಡಿಬಲ್’ ಎಂಬ ಮಾತು, ಒಳಗೆ ಏನಿದೆ ಎಂಬ ಪಟ್ಟಿ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನಂಬರ್ ಮೂರೂ ಇರಲಿ.

ಮನೆಯಲ್ಲೇ ಮಾಡಿದ್ದಾದರೆ ಅಲಂಕಾರ ಒಣಗಿದ ಮೇಲೆ ಒಳಗೆ ಕ್ರೀಮ್ ತುಂಬಿ, ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಫ್ರಿಜ್‌ನಲ್ಲಿಡಿ. ಕ್ರೀಮಿನ ಪಸೆ ಹೀರಿ ಚಿಪ್ಪು ಮೆತ್ತಗಾಗುತ್ತದೆ, ರುಚಿ ಬರುವುದೇ ಆಗ. ಹೊರಗೆ ತೆಗೆದ ಮೇಲೆ ಅರ್ಧ ಗಂಟೆ ಡಬ್ಬಿಯ ಮುಚ್ಚಳ ತೆಗೆಯಬೇಡಿ, ಇಲ್ಲದಿದ್ದರೆ ಹನಿಗಟ್ಟಿ ಚಿನ್ನವೆಲ್ಲ ಕಲೆಯಾಗುತ್ತದೆ. ಕುಕೀಸ್‌ಗೆ ಫ್ರಿಜ್ ಬೇಡ. ನಡುವೆ ಬಟರ್ ಪೇಪರ್ ಹಾಕಿ ಡಬ್ಬಿಯಲ್ಲಿಟ್ಟರೆ ವಾರಕ್ಕೂ ಜಾಸ್ತಿ ಚೆನ್ನಾಗಿರುತ್ತವೆ, ಬೇರೆ ಊರಿಗೆ ಕೊರಿಯರ್ ಕೂಡ ಮಾಡಬಹುದು. ಮ್ಯಾಕರಾನ್ ಮಾತ್ರ ಕೊರಿಯರ್‌ಗೆ ಹಾಕಬೇಡಿ, ಕೈಯಾರೆ ಕೊಡಿ. ಪಡೆಯುವವರು ಮೊಟ್ಟೆ ತಿನ್ನುತ್ತಾರಾ ಅಂತ ಮೊದಲೇ ಕೇಳಿಕೊಂಡಿರಿ.